ಪ್ರಮಾಣವಚನದ ಭಾನುವಾರಗಳು

1791ನೆಯ ಇಸವಿಯ ಜನವರಿ ತಿಂಗಳು ಮೊದಲುಗೊಂಡು ಕೆಲವು ವಾರಗಳ ಕಾಲ, ಫ್ರಾನ್ಸ್ ದೇಶದ ಸಾವಿರಾರು ಹಳ್ಳಿಗಳಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೂ ಜನರು ಮನೆಗೆ ಹೊರಡದೆ ದೇವಾಲಯದಲ್ಲಿಯೇ ನಿಂತರು. ಊರಿನ ಹೊಸ ಪೌರಸಭೆಯ ಸದಸ್ಯರು ಎದುರಿಗೆ ಸಾಲಾಗಿ ನಿಂತಿರಲು, ಕರಣಿಕನು ದಫ್ತರವನ್ನು ತೆರೆದು ಕಾದಿರಲು, ಆ ಧರ್ಮಕೇಂದ್ರದ ಗುರುಗಳು ಸರ್ವಜನರ ಸಮಕ್ಷಮದಲ್ಲಿ, ತಮಗೆ ಒಪ್ಪಿಸಿರುವ ಭಕ್ತಸಮುದಾಯವನ್ನು ಎಚ್ಚರದಿಂದ ಪರಿಪಾಲಿಸುವೆನೆಂದೂ, ರಾಷ್ಟ್ರಕ್ಕೂ ಶಾಸನಕ್ಕೂ ರಾಜನಿಗೂ ನಿಷ್ಠನಾಗಿರುವೆನೆಂದೂ, ರಾಷ್ಟ್ರೀಯ ಸಭೆಯು ವಿಧಿಸಿ ರಾಜನು ಅಂಗೀಕರಿಸಿದ ಸಂವಿಧಾನವನ್ನು ಸರ್ವಶಕ್ತಿಯಿಂದ ಎತ್ತಿಹಿಡಿಯುವೆನೆಂದೂ ಪ್ರಮಾಣ ಮಾಡಬೇಕಾಗಿತ್ತು. ಗೊತ್ತುಪಡಿಸಿದ ಅವಧಿಯೊಳಗೆ ಹಾಗೆ ಮಾಡದವರು ತಮ್ಮ ಸ್ಥಾನಕ್ಕೆ ರಾಜೀನಾಮೆಯಿತ್ತಂತೆಯೇ ಸರಿ ಎಂದು ಹಿಂದಿನ ನವೆಂಬರ್ 27ರ ಶಾಸನವು ಕಟ್ಟುಮಾಡಿತ್ತು.

ಹೌದು, ಇಲ್ಲ ಎಂಬ ಎರಡೇ ಉತ್ತರಗಳಿಗೆ ಎಡೆಯಿದ್ದ ಈ ಪ್ರಶ್ನೆಯನ್ನು ಕೇಳಿದವರಿಗೆ ಅದರಿಂದ ಏನಾದೀತೆಂಬ ಕಲ್ಪನೆಯಿರಲಿಲ್ಲ. ಬಾಸ್ತಿಯ ಕೋಟೆಯ ಪತನ, ವರ್ಸೇಲ್ಸಿಗೆ ನಡೆದ ಹೆಂಗಸರ ಮೆರವಣಿಗೆ, ರಾಜನ ಶಿರಚ್ಛೇದ ಎಂದು ಮುಂತಾಗಿ ಪ್ಯಾರಿಸಿನ ಸುತ್ತಮುತ್ತಲೇ ಸುಳಿದಾಡುವ ಕ್ರಾಂತಿಯ ಕಥನವನ್ನು ಶಾಲೆಯಲ್ಲಿ ಓದಿ ಬೆಳೆದ ನಮಗೆ, ಬಹುಸಂಖ್ಯಾತ ಫ್ರೆಂಚರ ಪಾಲಿಗೆ ಕ್ರಾಂತಿಯು ತಮ್ಮ ಊರಬಾಗಿಲಿಗೆ ಬಂದು ನಿಂತು ನೀನು ಯಾವ ಕಡೆ ಎಂದು ಕೇಳಿದ್ದು ಈ ಭಾನುವಾರಗಳಂದು ಎಂಬ ಮಾತು ಹೊಸದಾಗಿಯೇ ಕೇಳಿಸುತ್ತದೆ. ಅದನ್ನು ಊರೂರಿನ ಕಡತಗಳ ಆಧಾರದಿಂದ ಸ್ಥಾಪಿಸಿದ ಶ್ರೇಯಸ್ಸು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿ ಅಧ್ಯಾಪಕರಾಗಿದ್ದ ಇತಿಹಾಸಕಾರ ಟಿಮೊಥಿ ಟ್ಯಾಕೆಟ್ ಅವರಿಗೆ ಸಲ್ಲತಕ್ಕದ್ದು. ಧರ್ಮ, ಕ್ರಾಂತಿ ಮತ್ತು ಪ್ರಾದೇಶಿಕ ಸಂಸ್ಕೃತಿಗಳನ್ನು ಕುರಿತ ಅವರ ಮಹಾಗ್ರಂಥವು 1986ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅದರ ಫ್ರೆಂಚ್ ಆವೃತ್ತಿಯೂ ಹೊರಬಂದದ್ದು ಪರದೇಶದ ಪಂಡಿತನೊಬ್ಬನಿಗೆ ಆ ದೇಶದವರು ತೋರಿದ ಮರ್ಯಾದೆಯೆಂದೇ ಹೇಳಬೇಕು.

ಆ ಗ್ರಂಥದ ಬೆಲೆ ತಿಳಿಯಬೇಕಾದರೆ ಹಳೆಯ ಫ್ರಾನ್ಸಿನಲ್ಲಿ ಸಿಂಹಾಸನವೂ ಪೂಜಾವೇದಿಕೆಯೂ ಎಷ್ಟು ಹತ್ತಿರ ಹತ್ತಿರ ನಿಂತಿದ್ದವೆಂಬುದನ್ನು ಮೊದಲು ನೋಡಬೇಕು. 1775ರ ಜೂನ್ 11ರಂದು ರ್‍ಯಾನ್ಸ್ ನಗರದ ಮಹಾದೇವಾಲಯದಲ್ಲಿ ಹದಿನಾರನೆಯ ಲೂಯಿಗೆ ಪಟ್ಟಾಭಿಷೇಕವಾದಾಗ, ಸ್ವರ್ಗದಿಂದ ಪಾರಿವಾಳವೊಂದು ಹೊತ್ತು ತಂದಿತೆಂದು ಐತಿಹ್ಯವಿದ್ದ ಪವಿತ್ರ ಕುಪ್ಪಿಯ ತೈಲದಿಂದಲೇ ಅವನಿಗೆ ಅಭ್ಯಂಜನವಾಯಿತು. ಅದಾದ ಮೂರು ದಿನಗಳಲ್ಲಿ, ಕೊರಳ ಗಂಡಮಾಲೆಯಿಂದ ನರಳುತ್ತಿದ್ದ ಸುಮಾರು 2400 ಮಂದಿ ರೋಗಿಗಳನ್ನು ಅವನು ಒಬ್ಬೊಬ್ಬರನ್ನಾಗಿ ಮುಟ್ಟಿದನು. ಅಭಿಷಿಕ್ತನಾದ ದೊರೆಯ ಸ್ಪರ್ಶದಿಂದ ಆ ವ್ಯಾಧಿ ಗುಣವಾಗುವುದೆಂಬ ನಂಬಿಕೆಯನ್ನು ಕುರಿತು ಮಾರ್ಕ್ ಬ್ಲಾಕ್ ಎಂಬ ವಿದ್ವಾಂಸರು 1924ರಲ್ಲಿಯೇ ಒಂದು ಮೇರುಕೃತಿಯನ್ನು ರಚಿಸಿದ್ದಾರೆ. ಆ ಶಕ್ತಿಗೂ ಒಂದು ನಿಯಮವಿತ್ತು. ರಾಜನು ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಶುದ್ಧನಾಗಿರಬೇಕಾಗಿತ್ತು. ಇವನ ಅಜ್ಜ ಹದಿನೈದನೆಯ ಲೂಯಿಯು ಉಪಪತ್ನಿಯನ್ನು ತೊರೆಯಲೊಲ್ಲದೆ 1739ರ ಈಸ್ಟರ್ ಹಬ್ಬದಲ್ಲಿ ಪ್ರಸಾದವನ್ನು ಬಿಟ್ಟನು. ಅಂದಿನಿಂದ ರೋಗಿಗಳನ್ನು ಮುಟ್ಟುವುದನ್ನೂ ಬಿಡಬೇಕಾಯಿತು. ಅರಮನೆಯ ಅಂತಃಪುರದ ಸಂಗತಿಯು ಹೀಗೆ ದೇಶಕ್ಕೆಲ್ಲ ತಿಳಿಯುವಂತಾದುದನ್ನು ಪ್ರಜೆಗಳು ಮರೆಯಲಿಲ್ಲ.

ಅತ್ತ ಹಳ್ಳಿಯಲ್ಲಿ ಗುರುಗಳ ಸ್ಥಾನವು ಕೇವಲ ಪೂಜಕರದಾಗಿರಲಿಲ್ಲ. ಜನನ, ವಿವಾಹ, ಮರಣಗಳ ದಾಖಲೆ ಅವರ ಕೈಯಲ್ಲಿತ್ತು. ರಾಜಾಜ್ಞೆಗಳನ್ನು ಬೋಧನಪೀಠದಿಂದ ಓದಿ ಹೇಳುವವರು ಅವರು. ಬಡವರಿಗೆ ಹಂಚುವ ಧಾನ್ಯದ ಲೆಕ್ಕವೂ ಬಹುತೇಕ ಅವರದೇ. ನಮ್ಮ ಹಳೆಯ ಗ್ರಾಮಗಳಲ್ಲಿ ಪುರೋಹಿತನೂ ಶಾನುಭೋಗನೂ ಬೇರೆ ಬೇರೆಯಾಗಿದ್ದು ಮಾಡುತ್ತಿದ್ದುದನ್ನು ಅಲ್ಲಿ ಒಬ್ಬರೇ ನಿರ್ವಹಿಸುತ್ತಿದ್ದರೆಂದರೆ ಸರಿಹೋದೀತು. ಇಷ್ಟಾಗಿಯೂ ಊರಿನ ಬೆಳೆಯಿಂದ ಎತ್ತಿದ ದಶಮಾಂಶ ಕಂದಾಯವು ಅನೇಕ ಕಡೆ ದೂರದ ಮಠಗಳಿಗೋ ಧರ್ಮಾಧ್ಯಕ್ಷರಿಗೋ ಹೋಗಿ, ಪಾಠಪೂಜೆಗಳ ಭಾರವನ್ನೆಲ್ಲ ಹೊತ್ತ ಗುರುಗಳ ಪಾಲಿಗೆ ಒಂದು ನಿಗದಿಯಾದ ಜೀವನಾಂಶ ಮಾತ್ರವೇ ಉಳಿಯುತ್ತಿತ್ತು. 1768ರಲ್ಲಿ ಅದು ವರ್ಷಕ್ಕೆ 500 ಲಿವ್ರ್, 1786ರಲ್ಲಿ 700. ದೊಡ್ಡ ಧರ್ಮಾಧ್ಯಕ್ಷರ ಆದಾಯವು ಇದರ ಹತ್ತಾರು, ನೂರಾರು ಪಟ್ಟು. ಅವರೋ, ಎಲ್ಲರೂ ಶ್ರೀಮಂತ ಕುಲೀನರ ಮಕ್ಕಳು.

ಟ್ಯಾಕೆಟ್ ಅವರ ವ್ಯಾಸಂಗವು ಆರಂಭವಾದದ್ದು ಈ ಅಸಮಾಧಾನದ ಮೂಲದಿಂದಲೇ. 1977ರಲ್ಲಿ ಪ್ರಕಟವಾದ ಅವರ ಮೊದಲ ಗ್ರಂಥವು ಆಲ್ಪ್ಸ್ ಪರ್ವತಗಳ ನಡುವಣ ಗಾಪ್ ಎಂಬ ಚಿಕ್ಕ ಧರ್ಮಪ್ರಾಂತ್ಯದ ಗುರುಗಳನ್ನು ಕುರಿತದ್ದು. ಅವರು ಯಾವ ಮನೆತನದವರು, ಓದಿದ್ದೇನು, ಅವರ ಅಟ್ಟದಲ್ಲಿ ಯಾವ ಪುಸ್ತಕಗಳಿದ್ದವು, ಊರವರೊಡನೆ ಯಾವ ವ್ಯಾಜ್ಯಗಳಾದವು ಎಂಬುದನ್ನೆಲ್ಲ ಕೆದಕಿ ನೋಡಿದಾಗ, ಪ್ರಾಂತದ ಗುರುಗಳು ಕ್ರಾಂತಿಗೆ ಮೊದಲೇ ರಾಜಕೀಯವನ್ನು ಕಲಿತಿದ್ದರೆಂಬುದು ಸ್ಪಷ್ಟವಾಯಿತು. ಗಾಪ್ ಇರುವ ದೋಫಿನೆ ಸೀಮೆಯದೇ ಆದ ವಿಯೆನ್ ನಗರದ ಹಾಂರಿ ರೆಮಾಂ ಎಂಬ ಧರ್ಮಕೇಂದ್ರದ ಗುರುಗಳು 1776ರಲ್ಲಿಯೇ ಗುರುಗಳ ಹಕ್ಕುಗಳನ್ನು ಕುರಿತು ಪುಸ್ತಕ ಬರೆದು ಮೇಲಧಿಕಾರಿಗಳ ಕೋಪಕ್ಕೆ ಪಾತ್ರರಾಗಿದ್ದರು. ಮುಂದೆ ಕ್ರಾಂತಿಯ ಕಾಲದಲ್ಲಿ ಅದೇ ನಾಡಿನ ಚುನಾಯಿತ ಧರ್ಮಾಧ್ಯಕ್ಷರಾದರು.

ಇಲ್ಲಿ ಇನ್ನೊಬ್ಬ ಅಮೆರಿಕನ್ ವಿದ್ವಾಂಸರನ್ನು ಸ್ಮರಿಸದೆ ಮುಂದುವರಿಯುವುದು ಉಚಿತವಲ್ಲ. ಮಿಶಿಗನ್ ಪ್ರಾಂತದ ಕ್ಯಾಲ್ವಿನ್ ಕಾಲೇಜಿನಲ್ಲಿಯೂ ಆಮೇಲೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿಯೂ ಪಾಠ ಹೇಳಿದ ಡೇಲ್ ವ್ಯಾನ್ ಕ್ಲೇ ಅವರು, ರಾಜತ್ವದ ಪಾವಿತ್ರ್ಯವನ್ನು ಸವೆಯಿಸಿದವರಲ್ಲಿ ವಾಲ್ಟೇರನ ಶಿಷ್ಯರಿಗಿಂತ ಮೊದಲಿಗರು ಭಕ್ತರೇ ಎಂಬ ವಿಲಕ್ಷಣವಾದರೂ ಬಲವಾದ ವಾದವನ್ನು ಮಂಡಿಸಿದರು. ಮನುಷ್ಯನ ಮುಕ್ತಿಗೆ ದೇವರ ಕೃಪೆಯೊಂದೇ ಕಾರಣವೆಂದು ನಂಬಿದ ಜಾನ್ಸೆನಿಸ್ಟ್ ಪಂಥದ ಕ್ಯಾಥೊಲಿಕರನ್ನು ಖಂಡಿಸಿ 1713ರಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟರು, ಹದಿನಾಲ್ಕನೆಯ ಲೂಯಿಯ ಒತ್ತಾಯದ ಮೇರೆಗೆ, ಊನಿಜೆನಿತುಸ್ ಎಂಬ ಆಜ್ಞಾಪತ್ರವನ್ನು ಹೊರಡಿಸಿದ್ದರು. ಶತಮಾನದ ಮಧ್ಯದಲ್ಲಿ ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು, ಆ ಪತ್ರವನ್ನು ಒಪ್ಪಿದ ಗುರುಗಳಲ್ಲಿ ಪಾಪನಿವೇದನೆ ಮಾಡಿದುದಕ್ಕೆ ಚೀಟಿಯನ್ನು ತೋರಿಸದ ಹೊರತು ಮರಣಶಯ್ಯೆಯಲ್ಲಿರುವವರಿಗೂ ಅಂತ್ಯಸಂಸ್ಕಾರವಿಲ್ಲವೆಂದು ವಿಧಿಸಿದರು. ಸಾಯುತ್ತಿರುವ ಮುದುಕನ ಹಾಸಿಗೆಯ ಬಳಿ ಗುರುಗಳು ಚೀಟಿ ಕೇಳುವುದೂ, ಆ ಮನೆಯವರು ಓಡಿಹೋಗಿ ಪಾರ್ಲೆಮಾಂ ಎಂಬ ಉಚ್ಚ ನ್ಯಾಯಸ್ಥಾನದಲ್ಲಿ ದೂರು ಕೊಡುವುದೂ, ನ್ಯಾಯಾಧೀಶರು ಪರಮಪ್ರಸಾದವನ್ನು ಕೊಡಿರೆಂದು ಗುರುಗಳಿಗೆ ಅಪ್ಪಣೆ ಮಾಡುವುದೂ, ರಾಜನು ಆ ಅಪ್ಪಣೆಯನ್ನು ರದ್ದುಗೊಳಿಸುವುದೂ ನಡೆದು, ದೇಶದ ಅತ್ಯುಚ್ಚ ಅಧಿಕಾರಗಳೆಲ್ಲ ಬೀದಿಯ ಜನರ ಕಣ್ಣೆದುರಿಗೇ ಕಲಹವಾಡಿದವು. 1757ರ ಜನವರಿ 5ರಂದು ವರ್ಸೇಲ್ಸಿನಲ್ಲಿ ದಾಮಿಯಾಂ ಎಂಬ ಸೇವಕನೊಬ್ಬನು ಹದಿನೈದನೆಯ ಲೂಯಿಯ ಪಕ್ಕೆಗೆ ಚೂರಿಯಿಂದ ತಿವಿದನಷ್ಟೆ. ಹುಚ್ಚನೆಂದು ಇತರ ಇತಿಹಾಸಕಾರರು ತಳ್ಳಿಹಾಕಿದ್ದ ಆ ಮನುಷ್ಯನ ವಿಚಾರಣೆಯ ಕಡತಗಳನ್ನು ಸಾವಧಾನವಾಗಿ ಓದಿದ ವ್ಯಾನ್ ಕ್ಲೇ ಅವರು, ಸಂಸ್ಕಾರಗಳನ್ನು ನಿರಾಕರಿಸುತ್ತಿದ್ದ ಈ ಪ್ರಕರಣಗಳೇ ಅವನ ಮನಸ್ಸನ್ನು ಕದಡಿದ್ದವೆಂದು ತೋರಿಸಿದರು. ಜೆಸ್ವಿಟರನ್ನು 1760ರ ದಶಕದಲ್ಲಿ ಫ್ರಾನ್ಸಿನಿಂದ ಹೊರಗಟ್ಟಿದುದೂ ಇದೇ ಜಾನ್ಸೆನಿಸ್ಟ್ ನ್ಯಾಯವಾದಿಗಳ ಕೈವಾಡವೆಂಬುದು ಅವರ ಪ್ರಥಮ ಗ್ರಂಥದ ತಾತ್ಪರ್ಯ.

ವ್ಯಾನ್ ಕ್ಲೇ ಅವರು ಕೆಲವೊಮ್ಮೆ ಎಲ್ಲ ದಾರಗಳನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆಂದು ನನಗೆ ತೋರುತ್ತದೆ. 1789ರ ಸಭೆಯಲ್ಲಿ ಕುಳಿತವರೆಲ್ಲ ಅಜ್ಜಂದಿರ ಈ ದೇವತಾಶಾಸ್ತ್ರದ ಜಗಳವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಂಬುವುದು ಕಷ್ಟ. ಆದರೆ ಕಾಮ್ಯು ಎಂಬ ಧರ್ಮಶಾಸನ ಪಂಡಿತನಂತಹ ಕೆಲವರಾದರೂ ಇದ್ದರು, ಮತ್ತು ಚರ್ಚಿನ ಪುನಾರಚನೆಯಲ್ಲಿ ಅವರ ಮಾತು ನಡೆಯಿತು.

ಕ್ರಾಂತಿಯ ಮೊದಲ ಹೆಜ್ಜೆಗಳಲ್ಲಿ ಗುರುಗಳೇ ಮುಂದಾಗಿದ್ದರೆಂಬುದನ್ನು ಈಗ ಯಾರೂ ನೆನೆಯುವುದಿಲ್ಲ. 1789ರಲ್ಲಿ ರಾಜನು ಕರೆದ ಮೂರು ವರ್ಗಗಳ ಮಹಾಸಭೆಗೆ ಧರ್ಮವರ್ಗದಿಂದ ಆಯ್ಕೆಯಾದ ಸುಮಾರು 300 ಪ್ರತಿನಿಧಿಗಳಲ್ಲಿ 200ಕ್ಕೂ ಮಿಗಿಲಾದವರು ಸಾಮಾನ್ಯ ಧರ್ಮಕೇಂದ್ರಗಳ ಗುರುಗಳು. ಜನಸಾಮಾನ್ಯರ ಮೂರನೆಯ ವರ್ಗವು ಒಂಟಿಯಾಗಿ ಕುಳಿತಿದ್ದಾಗ, ಜೂನ್ 13ರಂದು ಪ್ವಾತೂ ಪ್ರಾಂತದ ಮೂವರು ಗುರುಗಳು ತಮ್ಮ ವರ್ಗವನ್ನು ಬಿಟ್ಟು ಬಂದು ಅದರೊಡನೆ ಸೇರಿದುದೇ ರಾಷ್ಟ್ರೀಯ ಸಭೆಯ ಹುಟ್ಟಿಗೆ ದಾರಿಯಾಯಿತು. ಆಗಸ್ಟ್ 4ರ ಆ ಪ್ರಸಿದ್ಧ ರಾತ್ರಿಯ ಆವೇಶದಲ್ಲಿ ದಶಮಾಂಶ ಹೋಯಿತು. ನವೆಂಬರ್ 2ರಂದು ಚರ್ಚಿನ ಆಸ್ತಿಪಾಸ್ತಿಯೆಲ್ಲ ರಾಷ್ಟ್ರದ ವಶವಾಯಿತು. ಇವೆರಡನ್ನೂ ಬಹುಮಂದಿ ಗುರುಗಳು ಸಹಿಸಿಕೊಂಡರು. 1790ರ ಜುಲೈ 12ರಂದು ಅಂಗೀಕೃತವಾದ ಧರ್ಮವರ್ಗದ ನಾಗರಿಕ ಸಂವಿಧಾನವು 135ರಷ್ಟಿದ್ದ ಧರ್ಮಪ್ರಾಂತ್ಯಗಳನ್ನು ಜಿಲ್ಲೆಗೊಂದರಂತೆ 83ಕ್ಕೆ ಇಳಿಸಿ, ಅತಿ ಚಿಕ್ಕ ಊರಿನ ಗುರುಗಳಿಗೂ ವರ್ಷಕ್ಕೆ 1200 ಲಿವ್ರ್ ಸಂಬಳವನ್ನು ಗೊತ್ತುಮಾಡಿತು. ಹೊಟ್ಟೆಯ ದೃಷ್ಟಿಯಿಂದ ನೋಡಿದರೆ ಬಡ ಗುರುಗಳಿಗೆ ಇಂತಹ ಸುಭಿಕ್ಷವು ಹಿಂದೆಂದೂ ಇರಲಿಲ್ಲ.

ತೊಡಕು ಬಂದದ್ದು ಚುನಾವಣೆಯ ವಿಷಯದಲ್ಲಿ. ಧರ್ಮಾಧ್ಯಕ್ಷರನ್ನೂ ಗುರುಗಳನ್ನೂ ಇನ್ನು ಮುಂದೆ ಜಿಲ್ಲೆಯ ಮತದಾರರೇ ಆರಿಸತಕ್ಕದ್ದೆಂದೂ, ಆ ಮತದಾರರಲ್ಲಿ ಪ್ರಾಟೆಸ್ಟಂಟರೂ ಇರಬಹುದೆಂದೂ, ಪೋಪರಿಗೆ ಆಯ್ಕೆಯ ವರದಿ ಕಳಿಸಿದರೆ ಸಾಕು, ಅನುಮತಿ ಬೇಡುವಂತಿಲ್ಲವೆಂದೂ ಶಾಸನವು ವಿಧಿಸಿತು. ಚರ್ಚಿನ ಮಹಾಸಭೆಯನ್ನು ಕರೆದು ಸಮ್ಮತಿ ಪಡೆಯೋಣವೆಂಬ ಧರ್ಮಾಧ್ಯಕ್ಷರ ಬಿನ್ನಹಕ್ಕೆ ಸಭೆ ಕಿವಿಗೊಡಲಿಲ್ಲ. ರೋಮಿನಲ್ಲಿ ಪೋಪ್ ಆರನೆಯ ಪಿಯಸರು ತಿಂಗಳುಗಟ್ಟಲೆ ಮೌನವಾಗಿದ್ದರು. ಆ ಮೌನದ ನಡುವೆ ಪ್ರಮಾಣವಚನದ ಶಾಸನ ಬಂದು ಬಿದ್ದಿತು.

ಪ್ರಮಾಣ ಮಾಡಿದವರೆಷ್ಟು, ಬಿಟ್ಟವರೆಷ್ಟು ಎಂಬ ಲೆಕ್ಕವು ಕ್ರಾಂತಿಯ ಸರ್ಕಾರಕ್ಕೂ ಪೂರ್ತಿ ಸಿಕ್ಕಿರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಫಿಲಿಪ್ ಸಾಞಾಕ್ ಎಂಬ ಫ್ರೆಂಚ್ ವಿದ್ವಾಂಸರು ಮಾಡಿದ ಗಣನೆಯು ಅರ್ಧ ದೇಶವನ್ನು ಮಾತ್ರ ಒಳಗೊಂಡಿತ್ತು. ಟ್ಯಾಕೆಟ್ ಅವರು ಹಿಡಿದ ಮಾರ್ಗವು ಕೇಳಲು ಸುಲಭ, ನಡೆಯಲು ಘೋರ: ರಾಷ್ಟ್ರೀಯ ಪತ್ರಾಗಾರದ ಕಟ್ಟುಗಳಿಂದ ಮೊದಲುಗೊಂಡು ಜಿಲ್ಲೆ ಜಿಲ್ಲೆಯ ಭಂಡಾರಗಳವರೆಗೆ, ಊರ ಪಾದ್ರಿಗಳು ಬರೆದಿಟ್ಟ ಸ್ಥಳಚರಿತ್ರೆಗಳವರೆಗೆ ಹುಡುಕಿ, 50 ಸಾವಿರಕ್ಕೂ ಮೇಲ್ಪಟ್ಟ ಗುರುಗಳ ನಡತೆಯನ್ನು ಒಟ್ಟುಗೂಡಿಸಿದರು. ದೇಶವನ್ನೆಲ್ಲ ಒಟ್ಟಾಗಿ ನೋಡಿದರೆ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಪ್ರಮಾಣ ಸ್ವೀಕರಿಸಿದ್ದರು. ಆದರೆ ಈ ಸರಾಸರಿಯು ನಿರರ್ಥಕ. ಆಗ್ನೇಯದ ವಾರ್ ಜಿಲ್ಲೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿದ್ದರೆ, ಜರ್ಮನ್ ಗಡಿಯ ಆಲ್ಸೇಸಿನ ಉತ್ತರಾರ್ಧದಲ್ಲಿ ಒಪ್ಪಿದವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ಪ್ಯಾರಿಸಿನ ಸುತ್ತಣ ಬಯಲು, ಬೆರಿ, ದೋಫಿನೆ, ಪ್ರೊವಾಂಸ್ ಒಂದು ಕಡೆ; ಬ್ರಿತಾನಿ, ವಾಂದೆ, ಆಂಜು, ಫ್ಲಾಂಡರ್ಸ್, ಮಧ್ಯದ ಬೆಟ್ಟಸೀಮೆಯ ದಕ್ಷಿಣ ಭಾಗ ಇನ್ನೊಂದು ಕಡೆ. ದೇಶದ ಪಟದ ಮೇಲೆ ಬಣ್ಣ ತುಂಬಿದರೆ ಒಪ್ಪಿಗೆಯೂ ನಿರಾಕರಣೆಯೂ ದೊಡ್ಡ ದೊಡ್ಡ ಅಖಂಡ ಪ್ರದೇಶಗಳಾಗಿ ನಿಲ್ಲುತ್ತವೆ.

ಒಬ್ಬೊಬ್ಬರ ಅಂತಃಕರಣಕ್ಕೆ ಬಿಟ್ಟ ವಿಷಯವಾದರೆ ಹೀಗೆ ಸೀಮೆ ಸೀಮೆಗಳೇ ಒಂದಾಗಿ ನಿಲ್ಲುವುದು ಹೇಗೆ? ಟ್ಯಾಕೆಟ್ ಅವರ ಗ್ರಂಥದ ಜೀವವಿರುವುದು ಈ ಪ್ರಶ್ನೆಗೆ ಅವರು ಕೊಡುವ ಉತ್ತರಗಳಲ್ಲಿ. ಪಶ್ಚಿಮ ಫ್ರಾನ್ಸಿನಲ್ಲಿ ಗುರುಗಳ ಸಂಖ್ಯೆ ಹೆಚ್ಚು. ಅವರು ಸುತ್ತಮುತ್ತಲಿನ ಅನುಕೂಲಸ್ಥ ರೈತರ ಮಕ್ಕಳು. ಧರ್ಮಕೇಂದ್ರದ ಹಿರಿಯರೂ ಕಿರಿಯ ಸಹಾಯಕರೂ ಒಂದೇ ಮನೆಯಲ್ಲಿ ಉಂಡು ಮಲಗಿ, ಒಬ್ಬರ ನಿರ್ಧಾರಕ್ಕೆ ಇನ್ನೊಬ್ಬರು ಬೆಂಬಲವಾಗಿ ಇದ್ದವರು. ಪ್ಯಾರಿಸಿನ ಸುತ್ತಣ ಊರುಗಳಲ್ಲಾದರೋ ಗುರುಗಳು ಬೇರೆಲ್ಲಿಂದಲೋ ಬಂದವರು, ಪಟ್ಟಣದ ಮೂಲದವರು, ಒಂಟಿಯಾಗಿ ಬಾಳುತ್ತ ತಮ್ಮನ್ನು ಪ್ರಜೆಗಳೊಳಗೊಬ್ಬ ಪ್ರಜೆಯೆಂದು ಎಣಿಸಲು ಕಲಿತವರು. ನೀಮ್ ನಗರದ ಸುತ್ತಮುತ್ತ ಪ್ರಾಟೆಸ್ಟಂಟರು ಹೆಚ್ಚಾಗಿದ್ದು, 1790ರ ಜೂನಿನಲ್ಲಿ ಎರಡು ಪಂಗಡಗಳ ನಡುವೆ ರಕ್ತಪಾತವೂ ಆಗಿತ್ತಾಗಿ, ಅಲ್ಲಿನ ಕ್ಯಾಥೊಲಿಕರಿಗೆ ಹೊಸ ಶಾಸನವೆಲ್ಲ ಹಳೆಯ ಶತ್ರುವಿನ ಸಂಚಿನಂತೆ ಕಂಡಿತು.

ಎಲ್ಲಕ್ಕಿಂತ ಮಿಗಿಲಾಗಿ, ಉತ್ತರ ಕೊಟ್ಟವರು ಗುರುಗಳೊಬ್ಬರೇ ಅಲ್ಲ, ಊರೂ ಕೂಡ. ನೀವು ಪ್ರಮಾಣ ಮಾಡಿದರೆ ನಿಮ್ಮ ಪೂಜೆಗೆ ಬರುವುದಿಲ್ಲವೆಂದು ಒಂದು ಕಡೆ, ಮಾಡದೆ ಹೋದರೆ ಊರು ಬಿಡಿ ಎಂದು ಇನ್ನೊಂದು ಕಡೆ, ಜನರು ಗುರುಗಳ ಮನೆಯ ಬಾಗಿಲಲ್ಲಿ ನೆರೆದರು; ಆ ಗುಂಪುಗಳ ಮುಂಚೂಣಿಯಲ್ಲಿ ಹೆಚ್ಚಾಗಿ ಹೆಂಗಸರಿದ್ದರು. ಮತಾಧಿಕಾರವಿಲ್ಲದ ಅವರಿಗೆ ಕ್ರಾಂತಿಯನ್ನು ಕುರಿತು ತಮ್ಮ ಅಭಿಪ್ರಾಯವನ್ನು ಸಾರಲು ಒದಗಿದ ಮತಗಟ್ಟೆ ಇದೊಂದೇ ಎಂದರೂ ತಪ್ಪಾಗದು.

ಪುಸ್ತಕದಲ್ಲಿ ಅಂಕಿಗಳಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಗುರುಗಳು ತಮ್ಮ ನಿಲುವಿಗೆ ಕೊಟ್ಟ ವಿವರಣೆಗಳು. ಹಲವರು ಪ್ರಮಾಣವನ್ನು ಒಪ್ಪಿಯೂ, ಆಧ್ಯಾತ್ಮಿಕ ವಿಷಯಗಳನ್ನು ಬಿಟ್ಟು ಎಂದೋ, ಚರ್ಚಿನ ಅಧಿಕಾರಕ್ಕೆ ಭಂಗ ಬಾರದಂತೆ ಎಂದೋ ಒಂದು ಉಪವಾಕ್ಯವನ್ನು ಸೇರಿಸಿದರು. ಅಂತಹ ಷರತ್ತು ಕೂಡದೆಂದು ಪ್ಯಾರಿಸಿನ ಕಟ್ಟಪ್ಪಣೆ. ಆದರೆ ತಮ್ಮ ಗುರುಗಳನ್ನು ಕಳೆದುಕೊಳ್ಳಲೊಲ್ಲದ ಹಳ್ಳಿಯ ಪೌರಸಭೆಗಳು ಆ ಉಪವಾಕ್ಯವನ್ನು ಬರೆಯದೆ ಬಿಟ್ಟೋ, ಕೇಳಿಸದಂತೆ ನಟಿಸಿಯೋ, ಪ್ರಮಾಣವಾಯಿತೆಂದು ವರದಿ ಕಳಿಸಿದವು. ಕಡತದಲ್ಲಿ ಹೌದು ಎಂದಿರುವುದರ ಹಿಂದೆ ಎಷ್ಟು ಬಗೆಯ ಹೌದುಗಳಿವೆಯೆಂಬುದನ್ನು ಲೆಕ್ಕಿಸುವ ಇತಿಹಾಸಕಾರನಿಗೆ ಬೇಕಾದ ಸಹನೆ ಅಲ್ಪವಲ್ಲ. ಸಂಬಳದ ಆಸೆಗೆ ಒಪ್ಪಿದರು ಎಂಬ ಹಳೆಯ ಆರೋಪವನ್ನೂ, ಮೌಢ್ಯದಿಂದ ನಿರಾಕರಿಸಿದರು ಎಂಬ ಅಷ್ಟೇ ಹಳೆಯ ಪ್ರತ್ಯಾರೋಪವನ್ನೂ ಈ ಗ್ರಂಥವು ಸದ್ದಿಲ್ಲದೆ ಬದಿಗೆ ಸರಿಸುತ್ತದೆ. ಮಾರ್ಚ್ 10ರಂದು ಪೋಪರ ಖಂಡನೆಯು ಹೊರಟು, ವಸಂತಕಾಲದಲ್ಲಿ ಅದರ ಸುದ್ದಿ ಊರೂರಿಗೆ ಮುಟ್ಟಿದಾಗ, ಕೆಲವರು ಕೊಟ್ಟ ಮಾತನ್ನು ಹಿಂತೆಗೆದುಕೊಂಡರು. ಬಹಳ ಮಂದಿ ಮಾತ್ರ ನಿಂತಲ್ಲಿಯೇ ನಿಂತರು.

ಧರ್ಮಾಧ್ಯಕ್ಷರಲ್ಲಿಯಾದರೋ ಪ್ರಮಾಣ ಮಾಡಿದವರು ಏಳೇ ಮಂದಿ. ಅವರಲ್ಲಿ ಧರ್ಮಪ್ರಾಂತ್ಯವನ್ನು ಆಳುತ್ತಿದ್ದವರು ನಾಲ್ವರು, ಓತಂ ನಗರದ ತಾಲೆರಾಂ ಅವರೊಳಗೊಬ್ಬನು. ದೇವರಲ್ಲಿ ಅವನಿಗೆಷ್ಟು ನಂಬಿಕೆಯಿತ್ತೋ ದೇವರಿಗೇ ಗೊತ್ತು. ಆದರೂ 1791ರ ಫೆಬ್ರವರಿ 24ರಂದು ಹೊಸ ಚರ್ಚಿನ ಮೊದಲ ಚುನಾಯಿತ ಧರ್ಮಾಧ್ಯಕ್ಷರಿಗೆ ಅಭಿಷೇಕ ಮಾಡಿದ ಕೈ ಅವನದೇ.

ಇಷ್ಟು ಹೊತ್ತೂ ಹಳ್ಳಿಯ ಮಾತಾಯಿತು. ಫ್ರಾನ್ಸಿನಲ್ಲಿ ಇನ್ನೊಬ್ಬ ಭಕ್ತನಿಗೂ ಇದೇ ಪ್ರಶ್ನೆ ಎದುರಾಗಿತ್ತು, ಅವನೇ ದೊರೆ. ಹದಿನಾರನೆಯ ಲೂಯಿಯು ದುರ್ಬಲನೆಂದೂ ಚಂಚಲನೆಂದೂ ಹೇಳುವವರುಂಟು, ಆದರೆ ಅವನ ದೈವಭಕ್ತಿಯನ್ನು ಶಂಕಿಸಿದವರಿಲ್ಲ. ನಾಗರಿಕ ಸಂವಿಧಾನಕ್ಕೂ ಪ್ರಮಾಣವಚನದ ಶಾಸನಕ್ಕೂ 1790ರ ಡಿಸೆಂಬರ್ 26ರೊಳಗೆ ಅಂಕಿತ ಹಾಕಿದವನು ಅವನೇ. ಪೋಪರ ಖಂಡನೆ ಬಂದ ಮೇಲೆ ಆ ಅಂಕಿತವೇ ಅವನ ಮನಸ್ಸನ್ನು ಸುಡತೊಡಗಿತು. ಈಸ್ಟರ್ ಹತ್ತಿರವಾದಾಗ, ತಾನು ಪರಮಪ್ರಸಾದವನ್ನು ಸ್ವೀಕರಿಸಬಹುದೆ ಎಂದು ಅವನು ಕ್ಲೆರ್ಮಾಂ ನಗರದ ಧರ್ಮಾಧ್ಯಕ್ಷರನ್ನು ಪತ್ರ ಬರೆದು ಕೇಳಿದನು. ಸದ್ಯಕ್ಕೆ ಬೇಡವೆಂದು ಅವರು ಉತ್ತರಿಸಿದರು. ಏಪ್ರಿಲ್ 17, ಗರಿಗಳ ಭಾನುವಾರದಂದು, ಪ್ಯಾರಿಸಿನ ತ್ವಿಲರಿ ಅರಮನೆಯಲ್ಲಿ ಪ್ರಮಾಣ ಮಾಡದ ಕಾರ್ಡಿನಲರೊಬ್ಬರಿಂದ ರಾಜನು ಪೂಜೆ ಮಾಡಿಸಿದನೆಂಬ ಸುದ್ದಿ ಊರೆಲ್ಲ ಹಬ್ಬಿತು. ಮರುದಿನ, ಹಬ್ಬದ ವಾರವನ್ನು ಸೆಂ-ಕ್ಲೂ ಅರಮನೆಯ ಏಕಾಂತದಲ್ಲಿ ಕಳೆಯಲು ಅವನು ಸಂಸಾರ ಸಮೇತನಾಗಿ ಬಂಡಿಯನ್ನೇರಿದಾಗ, ಜನರೂ ಕಾವಲಿನ ಸೈನಿಕರೂ ಕುದುರೆಗಳ ಲಗಾಮು ಹಿಡಿದು, ಸುಮಾರು ಎರಡು ಗಂಟೆಗಳ ಕಾಲ ನಿಂದಿಸುತ್ತ, ಕದಲಗೊಡದೆ ನಿಲ್ಲಿಸಿದರು. ಅವನು ಇಳಿದು ಒಳಗೆ ಹೋದನು. ಮುಂದಿನ ಭಾನುವಾರ, ಈಸ್ಟರಿನಂದು, ತನ್ನ ಅರಮನೆಯ ಧರ್ಮಕೇಂದ್ರವಾದ ಸೆಂ-ಜೆರ್ಮೆಂ-ಲೊಸೆರ್ವಾ ದೇವಾಲಯದಲ್ಲಿ, ಪ್ರಮಾಣ ಸ್ವೀಕರಿಸಿದ ಹೊಸ ಗುರುಗಳ ಪೂಜೆಗೆ ಅವನು ಹೋಗಲೇಬೇಕಾಯಿತು.

ಟ್ಯಾಕೆಟ್ ಅವರು 2003ರಲ್ಲಿ ರಾಜನ ಪಲಾಯನವನ್ನು ಕುರಿತು ಇನ್ನೊಂದು ಗ್ರಂಥವನ್ನು ಬರೆದರು. ಈ ಎರಡು ಪುಸ್ತಕಗಳು ಸಂಧಿಸುವುದು ಆ ಈಸ್ಟರ್ ವಾರದಲ್ಲಿ ಎಂದು ನನ್ನ ಎಣಿಕೆ. ಜೂನ್ 20ರ ರಾತ್ರಿ ಸೇವಕನ ವೇಷದಲ್ಲಿ ಅರಮನೆಯಿಂದ ಹೊರಟ ಲೂಯಿಯು ಮೇಜಿನ ಮೇಲೆ ತನ್ನ ಸ್ವಹಸ್ತದ ಒಂದು ಹೇಳಿಕೆಯನ್ನಿಟ್ಟು ಹೋಗಿದ್ದನು. ಆರ್ಥಿಕ, ಸೈನಿಕ, ಆಡಳಿತ ವಿಷಯಗಳ ದೂರುಗಳ ನಡುವೆ, ತನ್ನನ್ನು ಆ ಹೊಸ ಗುರುಗಳ ಪೂಜೆಗೆ ಬಲಾತ್ಕಾರದಿಂದ ಕಳಿಸಿದ ಸಂಗತಿಯನ್ನು ಅವನು ಅದರಲ್ಲಿ ನಮೂದಿಸಲು ಮರೆಯಲಿಲ್ಲ. ಸೆಂತ್-ಮೆನೂ ಎಂಬ ಊರಿನ ಅಂಚೆಕುದುರೆಗಳ ಯಜಮಾನ ದ್ರೂಯೆ ಗುರುತು ಹಿಡಿದು, ಮರುರಾತ್ರಿ ವಾರೆನ್ನಿನಲ್ಲಿ ತಡೆಹಿಡಿಸಲು, ಆ ರಾತ್ರಿಯನ್ನು ದಿನಸಿ ವ್ಯಾಪಾರಿಯೊಬ್ಬನ ಮನೆಯ ಮಹಡಿಯಲ್ಲಿ ಕಳೆದ ರಾಜಕುಟುಂಬವು ಪ್ಯಾರಿಸಿಗೆ ಸೆರೆಯಾಳುಗಳಂತೆ ಮರಳಿದ ಕಥೆಯು ಸರ್ವವಿದಿತ. ಈ ವಂಚನೆಯ ಅನಂತರವೇ ದೇಶದಲ್ಲೆಲ್ಲ ಸಂಚಿನ ಭೀತಿ ಬೇರುಬಿಟ್ಟಿತೆಂದೂ, ಮುಂದೆ ಕ್ರಾಂತಿಯ ಸರ್ಕಾರವೇ ನಡೆಸಿದ ಭಯೋತ್ಪಾತದ ಬೀಜವನ್ನು 1789ರ ತತ್ತ್ವಗಳಲ್ಲಿಯೇ ಹುಡುಕಿದ ಇತಿಹಾಸಕಾರ ಫ್ರಾನ್ಸ್ವಾ ಫ್ಯುರೆ ಅವರ ವಾದವು ನಿಲ್ಲಲಾರದೆಂದೂ ಟ್ಯಾಕೆಟ್ ಅವರ ಮತ. ನಾನು ಅವರ ಪಕ್ಷ. ಆದರೆ ಭೀತಿಗೆ ನೆಲ ಹದವಾದುದು ಪ್ರಮಾಣದ ಭಾನುವಾರಗಳಂದೇ ಎಂಬುದನ್ನು ಅವರು ಎರಡನೆಯ ಗ್ರಂಥದಲ್ಲಿ ಇನ್ನಷ್ಟು ಒತ್ತಿ ಹೇಳಬಹುದಾಗಿತ್ತು. ಪ್ರಮಾಣ ಮಾಡದ ಗುರುಗಳನ್ನು ದೇಶದಿಂದ ಹೊರಗಟ್ಟುವ 1792ರ ಮೇ 27ರ ಶಾಸನವನ್ನು ಲೂಯಿಯು ತಡೆಹಿಡಿದನು. ಸಿಂಹಾಸನಕ್ಕೆ ಸಂಚಕಾರ ತಂದ ತಡೆಯಾಜ್ಞೆಗಳಲ್ಲಿ ಅದೂ ಒಂದು. ಆಗಸ್ಟ್ 10ರಂದು ರಾಜಪ್ರಭುತ್ವವು ಉರುಳಿತು. ಸೆಪ್ಟೆಂಬರಿನ ಮೊದಲ ವಾರದಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ಕೊಲೆಯಾದವರಲ್ಲಿ 200ಕ್ಕೂ ಹೆಚ್ಚು ಮಂದಿ ಧರ್ಮಗುರುಗಳು.

ಆ ಆಗಸ್ಟ್ 10ರ ತಾರೀಖು ಕನ್ನಡಿಗರಿಗೆ ಇನ್ನೊಂದು ಕಾರಣದಿಂದ ಸ್ಮರಣೀಯ. ಸರಿಯಾಗಿ ನಾಲ್ಕು ವರ್ಷಗಳ ಹಿಂದೆ, 1788ರ ಅದೇ ದಿನ, ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನನು ಕಳಿಸಿದ ಮೂವರು ರಾಯಭಾರಿಗಳನ್ನು ಹದಿನಾರನೆಯ ಲೂಯಿಯು ವರ್ಸೇಲ್ಸಿನಲ್ಲಿ ಸಕಲ ವೈಭವದಿಂದ ಬರಮಾಡಿಕೊಂಡಿದ್ದನು. ಪ್ರಮಾಣವಚನದ ಬಿರುಗಾಳಿಯ ಒಂದು ಸುಳಿಯೂ ನಮ್ಮ ನಾಡಿಗೆ ಬಂದು ತಗುಲಿತು. ಪ್ರಮಾಣ ಸ್ವೀಕರಿಸಿದ ಆ ನಾಲ್ವರು ಧರ್ಮಾಧ್ಯಕ್ಷರಲ್ಲಿ ವಿವಿಯೆ ಪ್ರಾಂತ್ಯದ ಲಾಫೋಂ ದ ಸಾವಿನ್ ಒಬ್ಬರು. ಅದೇ ವಿವಿಯೆ ಸೀಮೆಯ ತರುಣನೊಬ್ಬನು 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಯ ವತಿಯಿಂದ ಹಡಗು ಹತ್ತಿ, ಕ್ರಾಂತಿಯನ್ನು ಹಿಂದೆ ಬಿಟ್ಟು ಪುದುಚ್ಚೇರಿಗೆ ಬಂದಿಳಿದನು. ಅವರೇ ಅಬ್ಬೆ ದ್ಯುಬುವಾ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ನಡುವೆ ನೆಲೆಸಿ, ಸಿಡುಬಿನ ಚುಚ್ಚುಮದ್ದನ್ನು ಹರಡಲು ಶ್ರಮಿಸಿ, ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ತಮ್ಮ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ 2000 ವರಹಗಳಿಗೆ ಕೊಟ್ಟವರು. ಆ ಹಸ್ತಪ್ರತಿಯ ಬಹುಭಾಗವು ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಗಳ ಹಿಂದಿನ ಬರಹವನ್ನು ಆಧರಿಸಿದ್ದೆಂದು ಸಿಲ್ವಿಯಾ ಮ್ಯುರ್ ಎಂಬ ವಿದುಷಿ ತೋರಿಸಿದ್ದಾರೆ. ಫ್ರಾನ್ಸಿನಲ್ಲಿ ಜೆಸ್ವಿಟರನ್ನು ಕೆಡವಿದ ಆ ಹಳೆಯ ಜಗಳ, ಅವರು ಬಿಟ್ಟುಹೋದ ದಕ್ಷಿಣ ಭಾರತದ ಧರ್ಮಕೇಂದ್ರಗಳಿಗೆ ದ್ಯುಬುವಾ ಅವರ ಸಂಸ್ಥೆ ಬಂದದ್ದು, ಕ್ರಾಂತಿಯು ಅವರನ್ನು ಇಲ್ಲಿಗೆ ನೂಕಿದ್ದು, ಮೂರೂ ಆ ಒಂದು ಪುಸ್ತಕದೊಳಗೆ ಮುಖಾಮುಖಿಯಾಗಿವೆ.

ಫ್ರಾನ್ಸಿನಲ್ಲಿ ಮುಂದೆ ಆದುದನ್ನು ಬೇಗನೆ ಹೇಳಿ ಮುಗಿಸಬಹುದು. ಪಶ್ಚಿಮದ ಹಳ್ಳಿಗಳಿಗೆ ಸರ್ಕಾರವು ಕಳಿಸಿದ ಹೊಸ ಗುರುಗಳಿಗೆ ದೇವಾಲಯದ ಬೀಗದ ಕೈ ಸಿಗಲಿಲ್ಲ, ಪೂಜೆಗೆ ಜನ ಸಿಗಲಿಲ್ಲ. 1793ರ ಮಾರ್ಚಿನಲ್ಲಿ ಸೈನ್ಯಕ್ಕೆ ಆಳುಗಳನ್ನು ಎತ್ತಲು ಬಂದಾಗ ವಾಂದೆ ಸೀಮೆಯು ದಂಗೆಯೆದ್ದಿತು. ಪ್ರಮಾಣ ಮಾಡಿದ ಗುರುಗಳಿಗೂ ಸುಖವಿರಲಿಲ್ಲ. ಅದೇ ವರ್ಷದ ಶರತ್ಕಾಲದಲ್ಲಿ ದೇವಾಲಯಗಳೇ ಮುಚ್ಚತೊಡಗಿದಾಗ ಕ್ರಾಂತಿಗಾಗಿ ರೋಮನ್ನು ಎದುರುಹಾಕಿಕೊಂಡವರನ್ನು ಕ್ರಾಂತಿಯೇ ಕೈಬಿಟ್ಟಿತು. ರ್‍ಯಾನ್ಸಿನ ಪವಿತ್ರ ಕುಪ್ಪಿಯನ್ನು ಅಕ್ಟೋಬರ್ 7ರಂದು ಬಹಿರಂಗವಾಗಿ ಒಡೆದುಹಾಕಿದರು. 1801ರಲ್ಲಿ ನೆಪೋಲಿಯನ್ನನು ಪೋಪರೊಡನೆ ಒಪ್ಪಂದ ಮಾಡಿಕೊಂಡು ಎರಡು ಪಂಗಡಗಳ ಗುರುಗಳನ್ನೂ ಒಂದೇ ನೊಗಕ್ಕೆ ಕಟ್ಟಿದನು.

ಆದರೆ ಪಟದ ಬಣ್ಣ ಮಾಸಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ, ಫೆರ್ನಾಂ ಬೂಲಾರ್ ಎಂಬ ಗುರುಗಳು ಗ್ರಾಮೀಣ ಫ್ರಾನ್ಸಿನಲ್ಲಿ ಯಾವ ಸೀಮೆಯವರು ಇನ್ನೂ ಪೂಜೆಗೆ ಹೋಗುತ್ತಾರೆ, ಯಾವ ಸೀಮೆಯವರು ಬಿಟ್ಟಿದ್ದಾರೆ ಎಂದು ಒಂದು ಭೂಪಟವನ್ನು ತಯಾರಿಸಿದ್ದರು. ಅದನ್ನು 1791ರ ಪ್ರಮಾಣದ ಪಟದ ಪಕ್ಕದಲ್ಲಿಟ್ಟರೆ ಎರಡೂ ಬಹುಮಟ್ಟಿಗೆ ಒಂದೇ. ನಿರಾಕರಿಸಿದ ನಾಡು ಭಕ್ತಿಯ ನಾಡಾಗಿ ಉಳಿದಿತ್ತು, ಒಪ್ಪಿದ ನಾಡು ತಣ್ಣಗಾಗಿತ್ತು. ಪ್ರಮಾಣವಚನವು ಈ ಭೇದವನ್ನು ಸೃಷ್ಟಿಸಿತೋ, ಮೊದಲೇ ಇದ್ದುದನ್ನು ಬಯಲು ಮಾಡಿತೋ ಎಂಬಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲ. ಎರಡೂ ಸ್ವಲ್ಪ ಸ್ವಲ್ಪ ನಿಜವೆಂಬುದು ಟ್ಯಾಕೆಟ್ ಅವರ ಇಂಗಿತ. ಪ್ರಾದೇಶಿಕ ಸಂಸ್ಕೃತಿ ಎಂಬ ಅವರ ಸೂತ್ರವು ಸೀಮೆಯನ್ನು ವಿವರಿಸಿದಷ್ಟು ಚೆನ್ನಾಗಿ ವ್ಯಕ್ತಿಯನ್ನು ವಿವರಿಸಲಾರದೆಂಬ ಕೊರತೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ, ಒಂದೇ ಗುರುಕುಲದಲ್ಲಿ ಓದಿದ ಇಬ್ಬರು ಬೇರೆ ಬೇರೆ ದಾರಿ ಹಿಡಿದಲ್ಲಿ ಅದು ಮೂಕವಾಗುತ್ತದೆ.

ಅಂತಹ ವ್ಯಕ್ತಿಗಳಲ್ಲಿ ಲೊರೇನ್ ಸೀಮೆಯ ಹಳ್ಳಿಯೊಂದರ ಗುರುಗಳಾಗಿದ್ದ ಹಾಂರಿ ಗ್ರೆಗ್ವಾರರು ಅಗ್ರಗಣ್ಯರು. ರಾಷ್ಟ್ರೀಯ ಸಭೆಯಲ್ಲಿ 1790ರ ಡಿಸೆಂಬರ್ 27ರಂದು ಎಲ್ಲರಿಗಿಂತ ಮೊದಲು ಎದ್ದು ಪ್ರಮಾಣ ಮಾಡಿದವರು ಅವರು; ಯೆಹೂದ್ಯರ ನಾಗರಿಕ ಹಕ್ಕಿಗೂ ಗುಲಾಮಗಿರಿಯ ನಿರ್ಮೂಲನಕ್ಕೂ ದುಡಿದವರು; ಬ್ಲುವಾ ನಗರದ ಚುನಾಯಿತ ಧರ್ಮಾಧ್ಯಕ್ಷರಾಗಿ, ಭಯೋತ್ಪಾತದ ಕಾಲದಲ್ಲಿಯೂ ಧರ್ಮವನ್ನು ತ್ಯಜಿಸಲೊಲ್ಲದೆ, ಮತತ್ಯಾಗದ ಘೋಷಣೆಗಳಿಂದ ಮೊಳಗುತ್ತಿದ್ದ ಪ್ರತಿನಿಧಿಸಭೆಗೆ ಧರ್ಮಾಧ್ಯಕ್ಷರ ಉಡುಪಿನಲ್ಲಿಯೇ ಬಂದು ಕುಳಿತವರು. 1831ರಲ್ಲಿ ಅವರು ಮರಣಶಯ್ಯೆಯಲ್ಲಿದ್ದಾಗ, ನಲವತ್ತು ವರ್ಷಗಳ ಹಿಂದಿನ ಆ ಪ್ರಮಾಣವನ್ನು ಹಿಂತೆಗೆದುಕೊಂಡರೆ ಮಾತ್ರ ಅಂತ್ಯಸಂಸ್ಕಾರವೆಂದು ಪ್ಯಾರಿಸಿನ ಮಹಾಧರ್ಮಾಧ್ಯಕ್ಷರು ಹೇಳಿಕಳಿಸಿದರು. ಮುದುಕರು ಒಪ್ಪಲಿಲ್ಲ. ಗಿಯೋಂ ಎಂಬ ಗುರುಗಳು ಮೇಲಧಿಕಾರಿಗಳ ಮಾತನ್ನು ಮೀರಿ ಬಂದು ಸಂಸ್ಕಾರಗಳನ್ನು ನೆರವೇರಿಸಿದರು. ಕ್ರಾಂತಿಯ ದ್ವಿಶತಮಾನೋತ್ಸವದ ವರ್ಷ, 1989ರ ಡಿಸೆಂಬರ್ 12ರಂದು, ರಾಷ್ಟ್ರಾಧ್ಯಕ್ಷ ಮಿತೆರಾಂ ಅವರ ಸಮ್ಮುಖದಲ್ಲಿ ಗ್ರೆಗ್ವಾರರ ಅವಶೇಷಗಳನ್ನು ಪ್ಯಾರಿಸಿನ ಪಾಂತಿಯೋನಿಗೆ ಸಾಗಿಸಿ ರಾಷ್ಟ್ರಗೌರವ ಸಲ್ಲಿಸಿದರು. ಆಗಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಲೂಸ್ತಿಜೆ ಅವರು ಆ ಸಮಾರಂಭಕ್ಕೆ ಹೋಗಲಿಲ್ಲ.